ಬೇವು ಕಹಿಯಾಗಿಯೇ ಇತ್ತು

ನನ್ನ ಅತ್ತೆ ನನಗೆ ಹಾವುಗಳ ಪರಿಚಯ ಮಾಡಿಸಿದ್ದು ಸತ್ತ ಹಾವುಗಳಿಂದ. ಮದುವೆಯಾಗಿ ಬಂದ ಮೊದಲ ಮಳೆಗಾಲ. ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕೂತು ಪಾತ್ರೆ ತಿಕ್ಕುತ್ತಿದ್ದೆ. ಗುಡ್ಡದಿಂದ ಬಂದವಳು ಕೋಲಿನ ತುದಿಗೆ ಜೋತಾಡುತ್ತಿದ್ದುದನ್ನು ನನ್ನ ಪಾದದ ಮೇಲೆ ಇಳಿಬಿಟ್ಟಳು. ನಾನು ತಂಬಿಗೆ ಎಸೆದು ಕಿರುಚಿಕೊಂಡು ಬಾಗಿಲತನಕ ಓಡಿದೆ. ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಾಲುವೆ ನೀರು ಕುಡಿದ ಎಮ್ಮೆಗೆ ಸತ್ತದ್ದು ಯಾವುದು ಬದುಕಿದ್ದು ಯಾವುದು ತಿಳಿಯುವುದಿಲ್ಲ ಎಂದು ಓಣಿಗೆಲ್ಲ ಕೇಳಿಸುವಂತೆ ಹೇಳಿದಳು. ಆಮೇಲೆ ನನ್ನ ಮುಂಗೈ ಹಿಡಿದು ಎಳೆದು ತಂದು ಆ ತಣ್ಣನೆಯ ಮೈಮೇಲೆ ನನ್ನ ಬೆರಳು ಆಡಿಸಿದಳು. ಬಿಡಿಸಿಕೊಳ್ಳಲು ನೋಡಿದಷ್ಟೂ ಹಿಡಿತ ಬಿಗಿಯಾಯಿತು. ಎದುರಿಗೆ ಅವಳಿಗೆ 'ರೀ' ಹಚ್ಚದೆ ನಾನು ಎಂದೂ ಮಾತಾಡಿದವಳಲ್ಲ. ಬರೆಯುವಾಗ ಮಾತ್ರ ಆ ಮರ್ಯಾದೆ ಕೊಡಲು ಕೈ ಬರುವುದಿಲ್ಲ.

ನನ್ನ ತವರು ಸಿಂಧನೂರು ಕಡೆಯದು, ಬಳಗಾನೂರಿನ ಹತ್ತಿರ. ಕಾಲುವೆ ಸೀಮೆ. ಅಲ್ಲಿ ಹಾವುಗಳಿಲ್ಲವೆಂದಲ್ಲ. ಭತ್ತದ ಗದ್ದೆಯ ಬದುವಿನಲ್ಲಿ ನೀರು ಹಾವುಗಳು ಕಪ್ಪೆ ನುಂಗಿ ಬಿದ್ದುಕೊಂಡಿರುತ್ತವೆ, ಕೇರೆ ಹಾವು ಇಲಿಯ ಬೆನ್ನು ಹತ್ತಿ ಹೋಗುತ್ತದೆ. ನಮ್ಮಪ್ಪ ಅವನ್ನು ಕಾಲಿನಿಂದ ಸರಿಸಿ ಮುಂದೆ ನಡೆಯುತ್ತಿದ್ದ. ಗಂಡನ ಮನೆ ಮಾತ್ರ ಒಣ ಸೀಮೆ. ಮಸ್ಕಿಯಿಂದ ಲಿಂಗಸುಗೂರಿಗೆ ಹೋಗುವ ರಸ್ತೆಯಿಂದ ಒಳಗೆ, ಗುಡ್ಡದ ಬುಡಕ್ಕಿರುವ ಹಳ್ಳಿ. ಗುಡ್ಡವೆಂದರೆ ಬರೀ ಕಲ್ಲುಗುಂಡು, ಜಾಲಿ ಮುಳ್ಳು, ಕಲ್ಲಿನ ಸಂದಿಯಲ್ಲಿ ಬೇರು ಬಿಟ್ಟ ಸೀತಾಫಲದ ಗಿಡಗಳು. ಮಳೆ ಹಿಂದಾದ ಮೇಲೆ ಆ ಗಿಡಗಳು ಕಾಯಿ ಹಿಡಿಯುತ್ತವೆ. ನಮ್ಮ ಮನೆಯ ಮೂರು ಹೆಂಗಸರು ಆ ಎರಡು ತಿಂಗಳು ಗುಡ್ಡದಲ್ಲೇ ಇರುತ್ತಿದ್ದೆವು. ಕಿತ್ತ ಹಣ್ಣು ಬುಟ್ಟಿ ತುಂಬಿ ಮಸ್ಕಿ ಬಸ್ ಸ್ಟ್ಯಾಂಡಿಗೆ ಹೋಗುತ್ತಿತ್ತು.

ಮೂರು ಹೆಂಗಸರೆಂದರೆ ಅತ್ತೆ, ನನ್ನ ಭಾವನ ಹೆಂಡತಿ ಎಂದರೆ ನೆಗೆಣ್ಣಿ, ನಾನು. ಭಾವ ಕುರಿ ಹಿಂದೆ ಹೋದವನು ಮನೆಗೆ ಬರುತ್ತಿದ್ದುದು ಹಬ್ಬಕ್ಕೊಮ್ಮೆ. ನನ್ನ ಗಂಡ ಟಂಟಂ ಆಟೋ ಓಡಿಸುತ್ತ ಹಗಲೆಲ್ಲ ಹೊರಗಿರುತ್ತಿದ್ದ. ಹೀಗಾಗಿ ನನ್ನ ಪಾಲಿಗೆ ಆ ಮನೆಯೆಂದರೆ ನನ್ನ ನೆಗೆಣ್ಣಿಯೇ ಆಗಿದ್ದಳು. ನನಗಿಂತ ದೊಡ್ಡವಳು, ಅಕ್ಕ ಎನ್ನುತ್ತಿದ್ದೆ. ಅತ್ತೆ ನನ್ನ ಮೇಲೆ ಹರಿಹಾಯ್ದ ದಿನ ರೊಟ್ಟಿಯ ಮಡಿಕೆಯೊಳಗೆ ತುಪ್ಪ ಮುಚ್ಚಿಟ್ಟು ಕೊಡುತ್ತಿದ್ದಳು. ಗುಡ್ಡ ಹತ್ತುವಾಗ ಅತ್ತೆ ಕೋಲು ಹಿಡಿದು ಮುಂದೆ, ನಾನು ಕೊನೆಗೆ ಎಂಬುದು ಕಟ್ಟಳೆ. ಮೊದಲಿನವರ ಕಾಲ ಸಪ್ಪಳಕ್ಕೆ ಹುಳ ಏಳುತ್ತದೆ, ಎರಡನೆಯವರಿಗೆ ಸಿಟ್ಟಾಗುತ್ತದೆ, ಮೂರನೆಯವರನ್ನು ಕಡಿಯುತ್ತದೆ ಎಂದು ಅತ್ತೆಯೇ ಹೇಳಿದವಳು, ಹೇಳಿ ನನ್ನನ್ನೇ ಮೂರನೆಯವಳಾಗಿ ನಿಲ್ಲಿಸಿದವಳು. ಹೊಸದಾಗಿ ಬಂದವಳು ಹೋದರೆ ಹೆಚ್ಚು ನಷ್ಟವಿಲ್ಲ ಎಂದು ನಗುತ್ತಲೇ ಅಂದಿದ್ದಳು. ಅತ್ತೆ ತಿರುವಿನಲ್ಲಿ ಮರೆಯಾದೊಡನೆ ಅಕ್ಕ ನನ್ನನ್ನು ಮುಂದೆ ತಳ್ಳಿ ತಾನು ಹಿಂದಾಗುತ್ತಿದ್ದಳು.

ಗುಡ್ಡದಲ್ಲಿ ಹಾವೆನ್ನುವ ಹಾಗಿಲ್ಲ, ಹುಳ ಎನ್ನಬೇಕು. ಯಾರನ್ನಾದರೂ ಕಡಿದರೆ ಕಡಿಯಿತೆನ್ನುವ ಹಾಗಿಲ್ಲ, ಮುಟ್ಟಿತು ಎನ್ನಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮುಟ್ಟಿಸಿಕೊಂಡವರ ಕಿವಿಗೆ ಅದು ಯಾವ ಹುಳ ಎಂಬ ಹೆಸರು ಬೀಳಬಾರದು. ಹೆಸರು ಕೇಳಿದರೆ ವಿಷ ಎದ್ದು ನಿಲ್ಲುತ್ತದೆ. ಏನು ಮುಟ್ಟಿತೆಂದು ಅವರು ಕೇಳಿದರೆ ಮುಳ್ಳು ಎನ್ನಬೇಕು, ಓತಿಕೇತ ಎನ್ನಬೇಕು. ಇದು ನಮ್ಮತ್ತೆಯೊಬ್ಬಳ ಹುಚ್ಚಲ್ಲ, ಆ ಊರಿನ ಎಲ್ಲರದೂ.

ಹೇಳಬೇಕಾದ್ದನ್ನು ಹೇಳಿಬಿಡಬೇಕು: ಹುಳಗಳ ಗುರುತಿನ ಬಗ್ಗೆ ಅತ್ತೆ ಕಲಿಸಿದ್ದು ಒಂದೂ ತಪ್ಪಿರಲಿಲ್ಲ. ನಾಗರ ಕಂಡರೆ ಕೋಲು ಕೆಳಗಿಟ್ಟು ಕೈಮುಗಿದು ಅದು ಹೋಗುವತನಕ ನಿಲ್ಲುತ್ತಿದ್ದಳು. ದಪ್ಪ ಮೈಯ ಕೊಳಕುಮಂಡಲ ಕುಕ್ಕರಿನ ಸೀಟಿಯಂತೆ ಬುಸುಗುಡುತ್ತದೆ, ಬೆನ್ನಮೇಲೆ ಸರಪಳಿಯಂತೆ ಮಚ್ಚೆಗಳಿರುತ್ತವೆ. ಎಲ್ಲಕ್ಕಿಂತ ಕೆಟ್ಟದ್ದು ಸಣ್ಣದು, ಗರಗಸ ಮಂಡಲ. ಮೊಳದುದ್ದವೂ ಇರುವುದಿಲ್ಲ, ಕಲ್ಲಿನದೇ ಬಣ್ಣ, ತಲೆಯ ಮೇಲೆ ಹಕ್ಕಿ ಹೆಜ್ಜೆಯಂಥ ಗುರುತು. ಓಡುವುದಿಲ್ಲ. ಸುತ್ತಿಕೊಂಡು ಮೈಗೆ ಮೈ ತಿಕ್ಕುತ್ತದೆ. ಆ ಸಪ್ಪಳ ಕಾದ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿದಾಗ ಬರುವಂಥದ್ದು. ಒಮ್ಮೆ ಕಲ್ಲಿನ ಮೇಲೆ ಅದನ್ನು ತೋರಿಸಿ, ಕಣ್ಣು ಮುಚ್ಚಿಸಿ, ಸಪ್ಪಳ ಕಿವಿಯಲ್ಲಿ ಕೂರುವತನಕ ನನ್ನ ಹೆಗಲು ಒತ್ತಿ ನಿಲ್ಲಿಸಿದ್ದಳು. ನನಗೆ ಉಚ್ಚೆ ಬರುವಂತಾಗಿತ್ತು. ಆದರೆ ಆ ಸಪ್ಪಳ ಮರೆಯಲಿಲ್ಲ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುತ್ತಾರಲ್ಲ, ನಮ್ಮತ್ತೆಯ ಕೈಯಲ್ಲಿ ಎರಡೂ ಮುಗಿಯುತ್ತಿದ್ದವು. ಕೇರೆ ಹಾವನ್ನು ನಡು ಮುರಿದು ಬಿಸಿಲಿಗೆ ಬಿಟ್ಟು, ಹಣ್ಣು ಕಿತ್ತುಕೊಂಡು ಮರಳುವಾಗ ಇನ್ನೂ ಹೊಯ್ದಾಡುತ್ತಿದೆಯೇ ಎಂದು ಬಗ್ಗಿ ನೋಡುತ್ತಿದ್ದಳು. ಒಂದು ದಿನ ಹುಣಸೆ ಮರದ ಬುಡದಲ್ಲಿ ಮಣ್ಣುಮುಕ್ಕ ಹಾವು ಸಿಕ್ಕಿತು. ಅದು ನೋಡಲು ಮಂಡಲದಂತೆಯೇ ಮಚ್ಚೆ ಮೈಯದು, ಪಾಪದ್ದು. ಇದು ಯಾರಿಗೂ ಏನೂ ಮಾಡುವುದಿಲ್ಲ ಎಂದು ಅವಳೇ ನಮಗೆ ವಿವರಿಸಿದಳು. ಮೊಂಡು ಬಾಲ ತೋರಿಸಿದಳು. ಆಮೇಲೆ ಅದರ ತಲೆಯ ಮೇಲೆ ಕಲ್ಲು ಎತ್ತಿ ಹಾಕಿದಳು. ಮತ್ತೆ ಯಾಕೆ ಕೊಂದಿರಿ ಎಂದು ಅಕ್ಕ ಕೇಳಿದಳು.

"ಮಂಡಲದ ಮೈ ಮಾರಿ ಹೊತ್ತಕೊಂಡು ತಿರುಗಿದ ಮ್ಯಾಲ ಮಂಡಲದ ಸಾವು ಸಾಯಬೇಕ" ಎಂದಳು ಅತ್ತೆ.

ಅಕ್ಕನನ್ನು ಹುಳ ಮುಟ್ಟಿದ್ದು ದೀಪಾವಳಿಗೆ ಮುಂಚೆ, ಬೆಳಗಿನ ಹೊತ್ತು. ಸೀತಾಫಲವನ್ನು ತೀರ ಕಾಯಿ ಕಿತ್ತರೆ ಕಲ್ಲಾಗಿ ಉಳಿಯುತ್ತದೆ, ತೀರ ಹಣ್ಣಾದದ್ದು ಮಸ್ಕಿ ಮುಟ್ಟುವುದರೊಳಗೆ ಹಿಸುಕಿಹೋಗುತ್ತದೆ. ಕಣ್ಣು ಬಿಟ್ಟದ್ದನ್ನೇ, ಎಂದರೆ ಗಂಟುಗಳ ನಡುವೆ ಬಿಳಿ ಗೆರೆ ಮೂಡಿದ್ದನ್ನೇ ಕೀಳಬೇಕು. ಅಂಥ ಒಂದು ಒಳ್ಳೆ ಹಣ್ಣು ಅಕ್ಕನ ಕೈಜಾರಿ ಎರಡು ಕಲ್ಲುಗಳ ಸಂದಿಗೆ ಉರುಳಿತು. ಅತ್ತೆ ಗುಡ್ಡದ ಆಚೆ ಮಗ್ಗಲಲ್ಲಿದ್ದಳು. ಅಕ್ಕ ತವರಿನ ಯಾವುದೋ ಮದುವೆಯ ಮಾತು ಹೇಳುತ್ತ, ನಗುತ್ತ ಸಂದಿಗೆ ಕೈ ಹಾಕಿದಳು. ರೊಟ್ಟಿಗೆ ನೀರು ಸವರಿದ ಸಪ್ಪಳ ನನಗೆ ಕೇಳಿಸಿತು. ಅಕ್ಕ, ಕೈ ತೆಗಿ ಎಂದೆ. ಅಷ್ಟರಲ್ಲಿ ಅವಳು ಕೈ ಕೊಡವಿ ಬೆರಳು ಬಾಯಿಗಿಟ್ಟುಕೊಂಡಾಗಿತ್ತು.

ನಾನು ಬಗ್ಗಿ ನೋಡಿದೆ. ಸುತ್ತಿಕೊಂಡೇ ಇತ್ತು. ಮೈಗೆ ಮೈ ಉಜ್ಜುತ್ತ, ತಲೆ ನಡುವಿಟ್ಟುಕೊಂಡು, ತಲೆಯ ಮೇಲೆ ಹಕ್ಕಿ ಹೆಜ್ಜೆ. ಅನುಮಾನಕ್ಕೆ ಎಡೆಯೇ ಇರಲಿಲ್ಲ. ಅತ್ತೇರಿ ಎಂದು ಕೂಗಿದೆ. ಅತ್ತೆ ಓಡಿಬರುವುದರೊಳಗೆ ಅದು ಒಳಗೆ ಸರಿದುಹೋಗಿತ್ತು. ಅತ್ತೆ ಸಂದಿಯೊಳಗೆ ಕೋಲಾಡಿಸಿ ಬರಿಗೈಯಲ್ಲಿ ಎದ್ದಳು. ನಾನು ಕಂಡೆನ್ರೀ, ಅದು ಅದೇ, ನೀವು ತೋರಿಸಿದ್ದು, ಗರ… ಎನ್ನುವಷ್ಟರಲ್ಲಿ ಅಂಗೈಯಿಂದ ನನ್ನ ಬಾಯಿಗೆ ಹೊಡೆದಳು. ತುಟಿ ಹಲ್ಲಿಗೆ ಸಿಕ್ಕು ಸೀಳಿತು.

"ಅಕೀ ಮುಂದ ಹೆಸರು ಎತ್ತಿದೆಂದ್ರ ನಾಲಗಿ ಕೀಳ್ತೀನಿ."

ಬೆರಳಿನ ತುದಿಯಲ್ಲಿ ಎರಡು ಸಣ್ಣ ಚುಕ್ಕಿ, ಅಷ್ಟೇ. ರಕ್ತ ಕೂಡ ನೆಟ್ಟಗೆ ಬಂದಿರಲಿಲ್ಲ. ಅತ್ತೆ ಸೆರಗು ಹರಿದು ಕಟ್ಟಿ, ನಮ್ಮನ್ನು ಇಳಿಸಿಕೊಂಡು ಗುಡ್ಡದ ಬುಡದಲ್ಲಿದ್ದ ಬೇವಿನ ಮರಕ್ಕೆ ಬಂದಳು. ನಮ್ಮ ಕಡೆ ಹುಳ ಮುಟ್ಟಿದವರಿಗೆ ಮೊದಲು ಬೇವಿನೆಲೆ ತಿನ್ನಿಸುತ್ತಾರೆ. ಕಹಿ ಹತ್ತಿದರೆ ವಿಷವಿಲ್ಲ. ಸಪ್ಪಗೆ ಹತ್ತಿದರೆ ವಿಷ ಮೈಗೇರಿದೆ, ಆಗ ದವಾಖಾನೆಗೆ ಓಡಬೇಕು. ಸಿಹಿ ಹತ್ತಿದರೆ ಓಡಿಯೂ ಪ್ರಯೋಜನವಿಲ್ಲ. ಹಾವನ್ನು ಕಣ್ಣಿಂದ, ಕಿವಿಯಿಂದ ಗುರುತಿಸಲು ನನಗೆ ಕಲಿಸಿದ ಹೆಂಗಸು, ನನ್ನ ಕಣ್ಣು ಕಿವಿಗಳನ್ನು ಬಿಟ್ಟು ಎಲೆಯನ್ನು ನಂಬಿದಳು. ಅದೇ ಸಪ್ಪಳ ಅವಳ ಕಿವಿಗೆ ಬಿದ್ದಿದ್ದರೆ ಎಲೆಯ ಗೊಡವೆಗೆ ಹೋಗುತ್ತಿದ್ದಳೋ ಇಲ್ಲವೋ ನನಗೆ ಇಂದಿಗೂ ಅನುಮಾನ. ನೋಡಿದವಳು ನಾನು, ಅದೇ ತೊಡಕು.

ಅತ್ತೆ ಟೊಂಗೆ ಬಗ್ಗಿಸುತ್ತಿದ್ದಾಗ ನಾನು ಅಕ್ಕನ ಕಿವಿಯ ಹತ್ತಿರ ಹೋದೆ.

"ಅಕ್ಕ, ಕಹಿ ಹತ್ತಿದ್ರೂ ಸಪ್ಪಗ ಐತಿ ಅನ್ನು. ನಿನ್ನ ಕಾಲಿಗೆ ಬೀಳ್ತೀನಿ. ಹಂಗಂದ್ರ ಅವರ ನಿನ್ನ ದವಾಖಾನಿಗೆ ಹೊತಗೊಂಡು ಹೋಗ್ತಾರ."

ಅಕ್ಕ ನನ್ನನ್ನು ನೋಡಿದ ನೋಟ ನೆನಪಿದೆ. ಸಾಯಿ ಎಂದು ಹೇಳಿದವಳನ್ನು ನೋಡುವ ನೋಟ. ಅತ್ತೆ ಒಂದು ಮುಷ್ಟಿ ಎಲೆ ಬಾಯಿಗೆ ತುರುಕಿದಳು. ಅಕ್ಕ ಕಣ್ಣು ಮುಚ್ಚಿ ಅಗಿದಳು. ಅಗಿಯುತ್ತ ಅವಳ ಮುಖ ಕಿವುಚಿತು, ಕಣ್ಣಲ್ಲಿ ನೀರು ಬಂತು, ಆ ನೀರಿನೊಳಗೇ ನಗು ಬಂತು. ಕಹಿ ಐತ್ರಿ ಅತ್ತಿ, ಕಹಿ ಐತಿ ಎಂದು ಹಸಿರು ಎಂಜಲು ಸುರಿಸುತ್ತ ನಕ್ಕಳು. ಇನ್ನಷ್ಟು ಕೇಳಿ ಇಸಕೊಂಡು ತಿಂದಳು. ಬೇವು ಕಹಿಯಾಗಿಯೇ ಇತ್ತು, ಅವಳೇನೂ ಸುಳ್ಳು ಹೇಳಲಿಲ್ಲ. ಈ ಹುಳದ ವಿಷ ರಕ್ತವನ್ನು ಕೆಡಿಸುತ್ತದೆ, ನಾಲಿಗೆಯ ರುಚಿಗೂ ಅದಕ್ಕೂ ಸಂಬಂಧವಿಲ್ಲ ಎಂದು ನಮಗೆ ತಿಳಿದದ್ದು ಆಮೇಲೆ. ಅಂದು ಆ ಮರದ ಕೆಳಗೆ ಅವಳಿಗೆ ಬೇಕಿದ್ದದ್ದು ಕಹಿ, ಸಿಕ್ಕದ್ದೂ ಕಹಿ. ಬದುಕಿದೆ ಎಂದುಕೊಂಡವಳಿಗೆ ಸತ್ತೆ ಎಂದು ನಟಿಸು ಅಂದರೆ ಯಾರು ಕೇಳುತ್ತಾರೆ?

ಅತ್ತೆ ಖುಷಿಯಾದಳು. ಖುಷಿಯಾದ ಅತ್ತೆ ಸಿಟ್ಟಾದ ಅತ್ತೆಗಿಂತ ಕೆಟ್ಟವಳು. ಆದರೂ ದವಾಖಾನೆಗೆ ಹೋಗೋಣ ಎಂದ ನನ್ನನ್ನು, ಹೆಸರಿಲ್ಲದ ಹುಳಕ್ಕೆ ಊರು ಮುಳುಗಿಸಲು ಹೊರಟವಳು ಎಂದು ದಾರಿಯುದ್ದಕ್ಕೂ ಆಡಿಕೊಂಡಳು. ಓತಿಕೇತ ಕಚ್ಚಿದ್ದಕ್ಕೆ ದವಾಖಾನೆಯಂತೆ, ಕಾಲುವೆ ಕಡೆಯವರಿಗೆ ನೆಗಡಿಯಾದರೂ ದವಾಖಾನೆಯಂತೆ ಎಂದಳು. ಮನೆ ಮುಟ್ಟಿದ ಮೇಲೆ, ಕೈಗೆ ಏನೂ ಆಗಿಲ್ಲದವಳು ಸುಮ್ಮನೆ ಯಾಕೆ ಕೂರಬೇಕೆಂದು ಅಕ್ಕನನ್ನು ರೊಟ್ಟಿ ಬಡಿಯಲು ಕೂರಿಸಿದಳು. ನಾನು ಬಡಿಯುತ್ತೇನೆಂದರೆ, ನೀ ಬಡಿದರೆ ಅವಳಿಗೆ ಬೇನೆ ಅಂತ ತೋರಿಸಿದ ಹಾಗಾಗುತ್ತದೆ ಎಂದು ನನ್ನನ್ನು ಹಿತ್ತಲಿಗೆ ಅಟ್ಟಿದಳು.

ಹಿತ್ತಲಿನಿಂದ ನನಗೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಮೊದಲು ಬಿರುಸಾಗಿತ್ತು, ಆಮೇಲೆ ತಡೆದು ತಡೆದು ಬಂತು. ನಾನು ಒಳಗೆ ಬಂದು ನೋಡಿದಾಗ ಅವಳ ಬೆರಳು ಬದನೆಕಾಯಿಯಾಗಿತ್ತು, ಅಂಗೈ ಊದಿ ಬಳೆ ಮಣಿಕಟ್ಟಿನೊಳಗೆ ಹೂತಿತ್ತು. ಆ ಕೈಯಿಂದಲೇ ಹಿಟ್ಟು ತಟ್ಟುತ್ತಿದ್ದಳು. ನೋವಾಗುತ್ತದೆಯೇ ಎಂದೆ. ಬೇವು ಕಹಿ ಇತ್ತಲ್ಲ ಎಂದಳು. ನಾನು ಏನು ಕೇಳಿದರೂ ಅದೊಂದೇ ಉತ್ತರ.

ಹೊತ್ತು ಇಳಿಯುವಾಗ ಅಕ್ಕ ಬಾಯಿ ಮುಕ್ಕಳಿಸಿ ಉಗುಳಿದ ನೀರು ಕೆಂಪಗಿತ್ತು. ಅತ್ತೆ ಅದನ್ನು ನೋಡಿ ಬೇವಿನ ಕಡ್ಡಿ ಹಲ್ಲಿಗೆ ಚುಚ್ಚಿರಬೇಕು ಎಂದಳು. ಅಕ್ಕ ಮತ್ತೆ ಉಗುಳಿದಳು, ಮತ್ತೆ ಕೆಂಪು. ಒಸಡಿನ ಸುತ್ತ ರಕ್ತ ಒಸರುತ್ತಿತ್ತು, ನಿಲ್ಲುತ್ತಿರಲಿಲ್ಲ. ನನ್ನ ಗಂಡ ಟಂಟಂ ತಂದು ನಿಲ್ಲಿಸಿದ್ದೇ ತಡ, ಅಕ್ಕನನ್ನು ಎತ್ತಿ ಕೂರಿಸಿದೆ. ಅವ್ವಗ ಒಂದು ಮಾತು ಕೇಳು ಎಂದ ಆ ಮಹಾರಾಯ. ಕೀಲಿ ತಿರುವದಿದ್ದರೆ ನಿನ್ನವ್ವನ ಮುಂದೆಯೇ ನಿನ್ನ ಗಾಡಿಗೆ ಕಡ್ಡಿ ಗೀರುತ್ತೇನೆ ಎಂದೆ. ಗೀರುತ್ತಿದ್ದೆ ಕೂಡ. ಅತ್ತೆ ಬೈಯುತ್ತಲೇ ಬಂದು ಮಗ್ಗಲಿಗೆ ಕೂತಳು, ಕೈಯಲ್ಲಿ ಬೇವಿನ ಟೊಂಗೆ ಹಿಡಿದುಕೊಂಡು. ಲಿಂಗಸುಗೂರು ಮುಟ್ಟುವತನಕ ಎಲೆ ಹರಿದು ಹರಿದು ಅಕ್ಕನ ರಕ್ತ ಬರುವ ಬಾಯಿಗೆ ಇಡುತ್ತಿದ್ದಳು. ಕಹಿಯೇ ಎಂದು ಕೇಳುತ್ತಿದ್ದಳು. ಅಕ್ಕ ತಲೆಯಾಡಿಸುತ್ತಿದ್ದಳು.

ಸರಕಾರಿ ದವಾಖಾನೆಯಲ್ಲಿ ನರ್ಸಮ್ಮ ಅಕ್ಕನ ತೋಳಿನಿಂದ ರಕ್ತ ತೆಗೆದು ಒಂದು ಸಣ್ಣ ಗಾಜಿನ ನಳಿಗೆಗೆ ಹಾಕಿ ಮೇಜಿನ ಮೇಲೆ ಇಟ್ಟರು. ಅಲುಗಾಡಿಸಬೇಡಿ, ಹೆಪ್ಪುಗಟ್ಟುತ್ತದೋ ನೋಡಬೇಕು ಎಂದರು. ನಾವು ಹೆಪ್ಪು ಹಾಕಿದ ಹಾಲನ್ನು ಕಾದವರ ಹಾಗೆ ಅದನ್ನು ನೋಡುತ್ತ ಕೂತೆವು. ಅಷ್ಟರಲ್ಲಿ ಡಾಕ್ಟರು ಬಂದು ಯಾವ ಹಾವು, ಯಾರಾದರೂ ನೋಡಿದಿರಾ ಎಂದು ಕೇಳಿದರು.

ಓತಿಕೇತರೀ ಎಂದಳು ಅತ್ತೆ. ಮಲಗಿದ್ದ ಅಕ್ಕ ನನ್ನ ಸೀರೆ ಹಿಡಿದುಕೊಂಡಳು. ಬ್ಯಾಡ ಎಂದು ತಲೆಯಾಡಿಸಿದಳು. ಅವಳ ಕೈ ನನ್ನ ಸೀರೆಯ ನೆರಿಗೆಯಲ್ಲಿ ಇರುವಾಗಲೇ, ಅವಳ ಮುಖ ನೋಡುತ್ತಲೇ ನಾನು ಹೇಳಿದೆ:

"ಗರಗಸ ಮಂಡಲರೀ ಸಾಹೇಬ್ರ. ನಾ ಕಣ್ಣಾರೆ ನೋಡೀನಿ."

ಅಕ್ಕ ಸೀರೆ ಬಿಟ್ಟಳು. ಮಗ್ಗಲಾಗಿ ರಕ್ತ ವಾಂತಿ ಮಾಡಿಕೊಂಡಳು. ನರ್ಸಮ್ಮ ನಳಿಗೆ ಓರೆ ಮಾಡಿದಾಗ ಅದರೊಳಗಿನ ರಕ್ತ ಕುಂಕುಮದ ನೀರಿನಂತೆ ಹರಿಯಿತು. ಅತ್ತೆ ಅದನ್ನು ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಹೆದರಿಕೆಗಿಂತ ಹೆಚ್ಚಾಗಿ ಒಂದು ಸಮಾಧಾನ ಇತ್ತು. ಕೊನೆಗೂ ಎಲ್ಲ ಯಾರ ತಲೆಗೆ ಕಟ್ಟಬೇಕೆಂದು ಸಿಕ್ಕಿತಲ್ಲ ಎಂಬ ಸಮಾಧಾನ.

ಆಮೇಲೆ ಡಾಕ್ಟರು ಹೇಳಿದ್ದು ಇನ್ನೊಂದು. ನಮ್ಮ ಕಡೆಯ ದೊಡ್ಡ ವಿಷದ ಹಾವುಗಳಿಗೆಲ್ಲ ಕೊಡುವುದು ಒಂದೇ ಔಷಧಿಯಂತೆ. ಹೆಸರು ಗೊತ್ತಿಲ್ಲದಿದ್ದರೂ ರಕ್ತ ನೋಡಿ ಅದನ್ನೇ ಏರಿಸುತ್ತಿದ್ದರಂತೆ. ಹಾಗಾದರೆ ನಾನು ಹೇಳದಿದ್ದರೂ ನಡೆಯುತ್ತಿತ್ತು. ಆದರೆ ಕೇಳಿದ್ದು ಅವರೇ. ಗೊತ್ತಿದ್ದವಳು ನಾನೊಬ್ಬಳೇ. ಇಂದು ಕೇಳಿದರೂ ಹೇಳುತ್ತೇನೆ.

ಅಲ್ಲಿಂದ ಅಕ್ಕನನ್ನು ರಾಯಚೂರಿಗೆ ಕಳಿಸಿದರು. ಎಷ್ಟೋ ಬಾಟಲಿ ಏರಿದವು. ಅವಳ ತಲೆಗಿಂಬಿನ ಹತ್ತಿರ ಕೂತವಳು ನಾನು, ಉಗುಳುಬಟ್ಟಲು ಹಿಡಿದವಳು ನಾನು. ಬೆರಳು ಕಪ್ಪಾಯಿತು, ಅದನ್ನು ಬುಡದಿಂದ ತೆಗೆದರು. ಜೀವ ಉಳಿಯಿತು. ಅಷ್ಟೂ ದಿನ ಅವಳು ನನ್ನೊಡನೆ ಮಾತಾಡಲಿಲ್ಲ. ದಣಿವು ಎಂದುಕೊಂಡೆ.

ಮನೆಗೆ ಬಂದ ಮೇಲೆ ಓಣಿಯ ಹೆಂಗಸರೆಲ್ಲ ನೋಡಲು ಬಂದರು. ಅತ್ತೆ ಪಡಸಾಲೆಯಲ್ಲಿ ಕೂತು ಕಥೆ ಹೇಳಿದಳು. ಬೇವು ಕಹಿ ಇತ್ತು, ಹುಡುಗಿ ನಗುತ್ತಿದ್ದಳು, ರೊಟ್ಟಿ ಬಡಿದಳು. ದವಾಖಾನೆಯಲ್ಲಿ ಈ ಕರಿನಾಲಿಗೆಯವಳು ಹೆಸರು ಎತ್ತಿದ್ದೇ ತಡ, ರಕ್ತ ಕಾರಿದಳು. ಬಂದವರು ಅಯ್ಯೋ ಎಂದು ನನ್ನ ಕಡೆ ತಿರುಗಿದರು. ನಾನು ಅಕ್ಕನ ಕಡೆ ನೋಡಿದೆ. ಅವಳು ಒಂದು ಮಾತು ಆಡಿದರೆ ಸಾಕಾಗಿತ್ತು. ಸಂಜೆ ಉಗುಳಿದ್ದು ಕೆಂಪಗಿತ್ತು, ಹೆಸರು ಹೇಳುವ ಮುಂಚೆಯೇ ರಕ್ತ ಬಂದಿತ್ತು ಎಂದರೆ ಸಾಕಾಗಿತ್ತು. ಅವಳು ಕಟ್ಟಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಳು.

ಅವರೆಲ್ಲ ಹೋದ ಮೇಲೆ ನೇರವಾಗಿ ಕೇಳಿಬಿಟ್ಟೆ. ಅಕ್ಕ, ನೀನೂ ಹಾಗೇ ತಿಳಿದಿದ್ದೀಯಾ ಎಂದೆ.

"ಮರದ ಬುಡಕ ನನಗ ಸಾಯಿ ಅಂದಿ. ದವಾಖಾನ್ಯಾಗೂ ಬ್ಯಾಡಂದ್ರೂ ಅಂದಿ" ಎಂದಳು. ದನಿ ಕೂಡ ಏರಿಸಲಿಲ್ಲ.

ಊದಿದ ಕೈಯಲ್ಲಿ ರೊಟ್ಟಿ ಬಡಿಯಲು ಹಚ್ಚಿದ ಅತ್ತೆಯ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ನನ್ನ ಮೇಲಿತ್ತು. ಆ ಹೊತ್ತಿಗೆ ನನಗೆ ಅನಿಸಿದ್ದನ್ನು ಮುಚ್ಚಿಡುವುದಿಲ್ಲ: ಅವಳನ್ನು ರೊಟ್ಟಿ ಬಡಿಯಲು ಬಿಟ್ಟು ನಾನು ಹಿತ್ತಲಲ್ಲೇ ಇರಬೇಕಿತ್ತು ಅನಿಸಿತು. ಆ ಸಂಕ್ರಾಂತಿಯೊಳಗೆ ಮನೆಯಲ್ಲಿ ಬೇರೆ ಒಲೆ ಹೂಡಿದರು. ಬೇರೆ ಮಾಡಿರಿ ಎಂದು ಹಟ ಹಿಡಿದವಳು ಅತ್ತೆಯಲ್ಲ, ಅಕ್ಕ. ನನ್ನ ಕೈಯಡುಗೆ ಉಣ್ಣಲಾರೆ ಎಂದಳಂತೆ. ಮುಂದೆ ನಾನೂ ಗಂಡನೂ ಲಿಂಗಸುಗೂರಿನಲ್ಲಿ ಬಾಡಿಗೆ ಮನೆ ಹಿಡಿದೆವು.

ಈಚೆಗೆ ತವರಿಗೆ ಹೊರಟವಳಿಗೆ ಮಸ್ಕಿಯಲ್ಲಿ ಬಸ್ಸು ಬದಲಿಸಬೇಕಾಗಿ ಬಂತು. ಸ್ಟ್ಯಾಂಡಿನಲ್ಲಿ ಸೀತಾಫಲದ ಬುಟ್ಟಿಗಳ ಸಾಲು. ಅಕ್ಕ ಕೂತಿದ್ದಳು, ಕೊಂಚ ದಪ್ಪಗಾಗಿದ್ದಳು, ಚೆನ್ನಾಗಿ ಕಾಣುತ್ತಿದ್ದಳು. ನಾನು ಕಂಬದ ಮರೆಗೆ ನಿಂತೆ. ಹಣ್ಣು ಆರಿಸುತ್ತಿದ್ದ ಹೆಂಗಸೊಬ್ಬಳು ಅವಳ ಕೈ ನೋಡಿ, ಯವ್ವಾ ಬೆರಳಿಗೆ ಏನಾಯಿತು, ಹುಳ ಏನರ ಮುಟ್ಟಿತ್ತೇನು ಎಂದು ಕೇಳಿದಳು. ಅಕ್ಕ ಕಣ್ಣು ಬಿಟ್ಟ ಹಣ್ಣನ್ನೇ ಹುಡುಕಿ ಅವಳ ಚೀಲಕ್ಕೆ ಹಾಕುತ್ತ ತಣ್ಣಗೆ ಹೇಳಿದಳು.

"ಹುಳ ಏನ ಮಾಡೀತು ಬೇ. ನಮ್ಮ ನೆಗೆಣ್ಣಿ ಬಾಯಿಗೆ ಬಿದ್ದು ಹೋತು."